ಕೆಂಪು ಆಲ್ಬಮ್ಮಿನ ಕೊನೆಯ ಪ್ಲೇಟು

ನನ್ನ ಹತ್ತಿರ ಎಂಬತ್ತಾರು ಗ್ರಾಮಫೋನ್ ಪ್ಲೇಟುಗಳಿವೆ. ಪಿರಿಯಾಪಟ್ಟಣದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು, ಸರಕು ತರಲು ಮೈಸೂರಿಗೆ ಹೋದಾಗಲೆಲ್ಲ ಒಂದೊಂದಾಗಿ ತಂದು, ರಟ್ಟಿನ ಆಲ್ಬಮ್ಮುಗಳಲ್ಲಿ ಜೋಡಿಸಿಟ್ಟಿದ್ದೇನೆ. ಅದರಲ್ಲಿ ಕೆಂಪು ಆಲ್ಬಮ್ಮೆಂದರೆ ನನಗೆ ಪ್ರಾಣ. ಇರುವುದು ಹನ್ನೆರಡೇ ಪ್ಲೇಟು. ತೀರಿಹೋದ ನಾಗಸ್ವರದವನೊಬ್ಬನದು ಎರಡು, ಹೆಂಡತಿಯ ಕೈಲಿ ಬೈಸಿಕೊಳ್ಳುವ ಹಾಸ್ಯಗಾರನದು ಒಂದು, ಮಿಕ್ಕವೆಲ್ಲ ಪರದೆ ಸುತ್ತಿಟ್ಟು ಮನೆಗೆ ಹೋದ ನಾಟಕ ಕಂಪನಿಗಳವು.

ಇವನ್ನು ಎರವಲು ಕೇಳಿಕೊಂಡು ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮನೆಯಲ್ಲೊಂದು ಮದುವೆ ಗೊತ್ತಾದರೆ ಸಾಕು, ಹಲ್ಲು ಕಿರಿದುಕೊಂಡು ಅಂಗಡಿ ಮುಂದೆ ನಿಲ್ಲುತ್ತಾರೆ. ಹುಣಸೂರಿನ ಒಬ್ಬರು ಹಿಂದಿರುಗಿಸಿದ ಪ್ಲೇಟಿನ ಗೆರೆಗಳಲ್ಲಿ ಪಾಯಸ ಒಣಗಿ ಇರುವೆ ಮುತ್ತಿತ್ತು. ಎಚ್.ಡಿ. ಕೋಟೆಯ ಇನ್ನೊಬ್ಬ ಮಹಾನುಭಾವ ಪ್ಲೇಟಿನ ಮೇಲೆ ಎಲೆಅಡಿಕೆ ಇಟ್ಟು ಬೀಗರಿಗೆ ಹಂಚಿಸಿದ್ದ. ಥೂ! ಅಂದಿನಿಂದ ನಾನು ಯಾರ ಕೈಗೂ ಕೊಡುವುದಿಲ್ಲ. ಬೇಕಾದರೆ ನಾನೇ ಬಂದು, ನಾನೇ ಹಾಕಿ, ನಾನೇ ಎತ್ತಿಕೊಂಡು ಬರುತ್ತೇನೆ.

ಕೆಂಪು ಆಲ್ಬಮ್ಮಿನ ಕೊನೆಯ ಪ್ಲೇಟಿನಲ್ಲಿ ಹಾಡಿರುವುದು ಒಬ್ಬ ಹುಡುಗಿ. ಇಪ್ಪತ್ತನಾಲ್ಕು ವರ್ಷದ ಹಿಂದಿನದು. ಹಾಡು ಮುಗಿದ ಮೇಲೆ ಹಾಡಿದವರು ತಮ್ಮ ಹೆಸರು ಹೇಳುವ ವಾಡಿಕೆ ಹಳೆಯ ಕೆಲವು ಪ್ಲೇಟುಗಳಲ್ಲಿತ್ತು. ಈ ಹುಡುಗಿಯೂ ಕೊನೆಯಲ್ಲಿ ಉಸಿರು ಬಿಟ್ಟು, "ನಾನು ಸಾಲಿಗ್ರಾಮದ ವಿಮಲ" ಎನ್ನುತ್ತಾಳೆ. ಎರಡು ವರ್ಷ ಯಾವುದೋ ನಾಟಕ ಕಂಪನಿಯಲ್ಲಿ ಹಾಡಿದಳಂತೆ. ಆಮೇಲೆ ಏನಾದಳೆಂದು ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಾದದ್ದು ಐದು ವರ್ಷದ ಹಿಂದೆ. ರಾವಂದೂರಿನ ರೈತ ತಿಮ್ಮಯ್ಯನವರ ಹೆಂಡತಿ ಅಂಗಡಿಗೆ ಬಂದು, "ಈ ಅಂಚು ಬ್ಯಾಡಿ, ಸಣ್ಣಂಚಿಂದು ತೋರ್ಸಿ" ಎಂದರು. ಸೀರೆ ಬಿಡಿಸುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಸಾವಿರ ಸಲ ಕೇಳಿದ ದನಿ! "ನೀವು ಸಾಲಿಗ್ರಾಮದ ವಿಮಲ ಅಲ್ವೇ?" ಎಂದುಬಿಟ್ಟೆ. ಆಕೆಯ ಮುಖ ಬಿಳಿಚಿಕೊಂಡಿತು.

"ನಮ್ಮೆಜಮಾನ್ರಿಗೊಬ್ರಿಗೇ ಗೊತ್ತು ಕಣಣ್ಣ. ಮದ್ವೆಗ್ ಬರೋ ಮಗ್ಳವ್ಳೆ. ಯಾರ್ಗೂ ಯೋಳ್ಬ್ಯಾಡಿ" ಎಂದರು ವಿಮಲಮ್ಮ. ಮೆಟ್ಟಿಲು ಇಳಿದವರು ತಿರುಗಿ ನಿಂತು, "ಆ ಪ್ಲೇಟು ಎಂಗ್ ಬಂದದೆ ಅಂತ ನಾನೇ ಒಂದ್ಸಲನೂ ಕೇಳಿಲ್ಲ" ಎಂದರು.

ಹಾಡಿದ ತಪ್ಪಿಗೆ ಕಳ್ಳರ ಹಾಗೆ ಬದುಕಬೇಕೇ? ನನಗೆ ಈ ಸೀಮೆಯ ಜನರ ಮೇಲೆಯೇ ಹೇಸಿಗೆಯಾಯಿತು.

ಈ ವರ್ಷ ವೈಶಾಖದಲ್ಲಿ ಆ ಮಗಳು ಸುನಂದಳ ಮದುವೆ ಗೊತ್ತಾಯಿತು. ಗಂಡು ಕೆ.ಆರ್. ನಗರದ ಕಡೆಯವನು, ನಾಲೆ ನೀರಿನ ಗದ್ದೆ ಇದ್ದ ಮನೆ. ಗಂಡಿನ ತಂದೆ ಗೋವಿಂದಯ್ಯನವರು ಮನೆತನ ಸರಿಯಿಲ್ಲವೆಂದು ಆಗಲೇ ಮೂರು ಹೆಣ್ಣು ಬೇಡವೆಂದಿದ್ದರು. ಮದುವೆಗೆ ವಾರವಿರುವಾಗ ತಿಮ್ಮಯ್ಯ ನನ್ನಲ್ಲಿಗೆ ಬಂದರು.

"ಕಂಠಪ್ನೋರೆ, ಬೀಗ್ರಿಗೆ ಸಿನಿಮಾ ಪದ ಆಗಕಿಲ್ವಂತೆ. ಮೈಕಲ್ಲಿ ಅಳೇ ನಾಟ್ಕದ ಪದಾನೇ ಆಕಿಸ್ಬೇಕಂತೆ. ನೀವ್ ಬರ್ಬೇಕು. ಆದ್ರೆ ಅದೊಂದ್ ಪ್ಲೇಟು ಮಾತ್ರ ತರ್ಬ್ಯಾಡಿ, ನಿಮ್ಮ ಕಾಲಿಗ್ ಬೀಳ್ತೀನಿ."

ನಾಟಕದ ಹಾಡು ಬೇಕು, ನಾಟಕದ ಹೆಂಗಸು ಬೇಡ. ಎಂಥ ಜನವಪ್ಪ! ಆದರೂ ಹೂಂ ಎಂದೆ. ಎಂದವನು ಕೆಂಪು ಆಲ್ಬಮ್ಮನ್ನು ಇಡಿಯಾಗಿ ಎತ್ತಿಕೊಂಡು ಹೋದೆ. ಆಕೆ ಒಂದು ಸಲವಾದರೂ ಕೇಳಲಿ, ಹೆಸರು ಬರುವಷ್ಟರಲ್ಲಿ ಮುಳ್ಳು ಎತ್ತಿಬಿಟ್ಟರಾಯಿತು ಎಂದುಕೊಂಡಿದ್ದೆ. ನನ್ನ ಕೈಚಳಕದ ಮೇಲೆ ನನಗೆ ಅಷ್ಟು ಜಂಬ.

ಧಾರೆಯ ಹಿಂದಿನ ದಿನ ಮಧ್ಯಾಹ್ನ ಗಂಡಿನವರು ಬಂದಿಳಿದು ಚಪ್ಪರದಡಿ ಪಾನಕ ಕುಡಿಯುತ್ತಿದ್ದರು. ಎರಡು ಹಾಡು ಹಾಕಿದೆ, ತಲೆದೂಗಿದರು. ಮೂರನೆಯದು ವಿಮಲಮ್ಮನದು. ಪಲ್ಲವಿ ಎತ್ತುತ್ತಲೇ ಚಪ್ಪರದ ಗಲಾಟೆ ನಿಂತುಹೋಯಿತು. ಗೋವಿಂದಯ್ಯನವರು ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು. ತಿಮ್ಮಯ್ಯ ಮಾತ್ರ ದೂರದಿಂದ ನನ್ನನ್ನು ಕೊಂದುಹಾಕುವ ಹಾಗೆ ನೋಡುತ್ತಿದ್ದರು.

ಅಡುಗೆಮನೆಯ ಬಾಗಿಲಿಗೆ ವಿಮಲಮ್ಮ ಬಂದು ನಿಂತರು. ಕೈಯಲ್ಲಿ ಸೌಟು. ಹಾಡಿನ ಜೊತೆ ಅವರ ತುಟಿ ಅಲುಗುತ್ತಿತ್ತು. ಅದನ್ನೇ ನೋಡುತ್ತ ನಾನು ಮೈಮರೆತೆ. ಹಾಡು ಮುಗಿದದ್ದೂ ತಿಳಿಯಲಿಲ್ಲ.

"ನಾನು ಸಾಲಿಗ್ರಾಮದ ವಿಮಲ" ಎಂದಿತು ಮೈಕು, ಇಡೀ ಊರಿಗೆ ಕೇಳುವಂತೆ.

ಗಂಡಿನ ಸೋದರತ್ತೆ ಸಾಕಮ್ಮ ಮೊದಲು ಬಾಯಿ ಬಿಟ್ಟಳು. "ಬೀಗಿತ್ತಿ ತೌರು ಸಾಲಿಗ್ರಾಮ ಅಲ್ವಾ? ಎಸ್ರೂ ಅದೇ ಕಣವ್ವ!"

ಗೋವಿಂದಯ್ಯನವರು ಟವಲು ಕೊಡವಿ ಎದ್ದರು. "ನಾಟ್ಕದೋಳ ಮಗ್ಳಾದ್ರೆ ಈಗ್ಲೇ ಯೋಳ್ಬುಡಿ ತಿಮ್ಮಯ್ಯ. ಗಾಡಿ ಕಟ್ಟಿಸ್ಕೊಂಡು ಓಯ್ತೀವಿ."

ತಿಮ್ಮಯ್ಯನವರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಒಳಗೆ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಸುನಂದ ಕಿಟಕಿಗೆ ಬಂದು ಸರಳು ಹಿಡಿದು ನಿಂತಳು. ನಾನು ಏನಾದರೂ ಹೇಳಬೇಕಿತ್ತು. ಹಾಡಿದ್ದು ಯಾರೇ ಆಗಲಿ, ಕಣ್ಣು ಮುಚ್ಚಿಕೊಂಡು ಕೇಳಿದವರು ನೀವೇ ಅಲ್ಲವೇ ಎಂದು ಕೇಳಬೇಕಿತ್ತು. ಮುಳ್ಳು ಎತ್ತಿ, ಪ್ಲೇಟಿನ ಧೂಳು ಒರೆಸುತ್ತ ಕೂತೆ.

"ನೀವೇ ಯೋಳಿ ಬೀಗಿತ್ತಿ, ಇದು ನೀವಾ?" ಎಂದರು ಗೋವಿಂದಯ್ಯ.

ವಿಮಲಮ್ಮ ಸೌಟು ಒಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಚಪ್ಪರಕ್ಕೆ ಬಂದರು.

"ಅಲ್ಲ. ಆ ಎಂಗ್ಸು ಯಾರೋ ನಂಗ್ ಗೊತ್ತಿಲ್ಲ" ಎಂದರು.

ಅದೇ ದನಿ. ಆಗಷ್ಟೇ ಮೈಕಿನಲ್ಲಿ ಕೇಳಿದ ದನಿಯೇ ಈಗ ಎದುರಿಗೆ ನಿಂತು ಅಲ್ಲ ಎಂದಿತ್ತು. ಚಪ್ಪರದಲ್ಲಿ ಕಿವಿಯಿದ್ದ ಪ್ರತಿಯೊಬ್ಬರಿಗೂ ಗೊತ್ತಾಯಿತು. ಸಾಕಮ್ಮ ಸೆರಗನ್ನು ಬಾಯಿಗಿಟ್ಟು ನಕ್ಕಳು. ಗೋವಿಂದಯ್ಯನವರಿಗೂ ಗೊತ್ತಾಯಿತು, ಆ ಕಣ್ಣು ನಾನು ನೋಡಿದೆ. ಅವರಿಗೆ ನಿಜ ಬೇಕಾಗಿರಲೇ ಇಲ್ಲ. ನಾಲ್ಕು ಜನರ ಮುಂದೆ ಆಕೆ ಅಲ್ಲ ಎನ್ನಬೇಕಿತ್ತು, ಅಷ್ಟೇ.

"ಅಂಗಂದ್ಮೇಲ್ ಆಯ್ತು ಬುಡಿ" ಎಂದು ಅವರು ಮತ್ತೆ ಕೂತು, ಕಾಲ ಮೇಲೆ ಕಾಲು ಹಾಕಿಕೊಂಡರು. "ಕಂಠಪ್ನೋರೆ, ಅದ್ನೇ ಇನ್ನೊಂದ್ಸಲ ಆಕಿ. ಪಸಂದಾಗದೆ. ಒನ್ಸ್ ಮೋರ್!"

ಚಪ್ಪರಕ್ಕೆ ಚಪ್ಪರವೇ ಒನ್ಸ್ ಮೋರ್ ಎಂದು ಕೂಗಿತು. ತಿಮ್ಮಯ್ಯನವರೂ ಹಣೆಯ ಬೆವರು ಒರೆಸಿಕೊಂಡು ಕೂಗಿದರು. ಪ್ಲೇಟು ಕಂಕುಳಿಗಿಟ್ಟುಕೊಂಡು ಎದ್ದು ಹೋಗಬಹುದಿತ್ತು, ನನ್ನನ್ನು ಯಾರು ತಡೆಯುತ್ತಿದ್ದರು? ಹೋಗಲಿಲ್ಲ. ಹೊಸ ಮುಳ್ಳು ಸಿಕ್ಕಿಸಿ ಮೊದಲಿಂದ ಹಾಕಿದೆ. ಈ ಸಲ ಯಾರನ್ನೂ ನೋಡಲಿಲ್ಲ. ಕೊನೆಯ ಸ್ವರ ಮುಗಿಯುತ್ತಲೇ ಮುಳ್ಳು ಎತ್ತಿದೆ, ಹೆಸರು ಬರಲಿಲ್ಲ. ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ.

ಗೋವಿಂದಯ್ಯನವರು ಬಂದು ನನ್ನ ಬೆನ್ನು ತಟ್ಟಿದರು.

"ಯಾರೋ ಪುಣ್ಯಾತ್ಗಿತ್ತಿ, ಚೆಂದಾಗ್ ಆಡವ್ಳೆ ಕಣ್ರೀ."

"ಹೌದು, ಯಾರೋ" ಎಂದೆ ನಾನು.