ಏಳನೇ ಹಾಸಿಗೆಯ ನೀರು

ವಾರ್ಡು ಬೆಚ್ಚಗಿಡುವ ಬಿಸಿನೀರಿನ ಕೊಳವೆ ಒಡೆದು ಮೂರು ದಿನವಾಗಿತ್ತು. ಹಿಮದ ಬೆಟ್ಟಗಳ ನಡುವಿನ ನಾರಿನ್ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಸೈರಕಾನ್ ಎರಡು ಉಣ್ಣೆ ಅಂಗಿಯ ಮೇಲೆ ಬಿಳಿ ಕೋಟು ತೊಟ್ಟು ಓಡಾಡುತ್ತಿದ್ದಳು. ಮೊದಲು ಆ ವಾರ್ಡಿಗೆ ನಾಲ್ವರು ನರ್ಸುಗಳಿದ್ದರು. ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ಬಂದ ಮೇಲೆ ಇಬ್ಬರೇ.

"ಕೆಲಸ ಹಗುರಾಯ್ತಲ್ಲ," ಅಂದಿದ್ದ ಮೇಲ್ವಿಚಾರಕ ಎರ್ಮೆಕ್.

"ಇದು ನಮ್ಮತ್ತೆ ಥರಾನೇ, ಎಜೆ," ಎಂದು ಕಿರಿಯ ನರ್ಸ್ ಕಾಲಿಪಾ ಆ ಯಂತ್ರ ನೋಡಿ ಗೊಣಗುತ್ತಿದ್ದಳು. ಸೈರಕಾನ್ ಅವಳಿಗೆ ಅಕ್ಕನಂತೆ. ಕರೆಯುವುದು ಎಜೆ ಎಂದೇ. "ಕೂತ್ರೂ ಬಯ್ಯುತ್ತೆ, ನಿಂತ್ರೂ ಬಯ್ಯುತ್ತೆ. ಅತ್ತೆ ನಿದ್ದೆನಾದ್ರೂ ಮಾಡ್ತಾರೆ."

ಒಂದು ಹಾಸಿಗೆಗೆ ನಾಲ್ಕು ನಿಮಿಷ. ಅಲ್ಲಿಯ ಕೆಲಸವೆಲ್ಲ ಮುಗಿಯಿತೆಂದು ಗುರುತು ಒತ್ತದೆ ಯಂತ್ರ ಮುಂದಿನ ಹಾಸಿಗೆ ತೋರಿಸದು. ಹಾಗಾಗಿ ಇಬ್ಬರೂ ಒಂದು ದಾರಿ ಕಂಡುಕೊಂಡಿದ್ದರು. ಮೊದಲು ಒತ್ತುವುದು, ಆಮೇಲೆ ಮಾಡುವುದು.

ಏಳನೇ ಹಾಸಿಗೆಯಲ್ಲಿ ಕುರಿಗಾಹಿ ಅಸಾನಾಲಿ ಅಜ್ಜ. ಕಣಿವೆಯ ದಾರಿ ಹಿಮಕ್ಕೆ ಮುಚ್ಚಿ, ಅವನ ಮನೆಯವರು ಆಚೆಯೇ ಉಳಿದಿದ್ದರು. ಒಂದು ಮಧ್ಯಾಹ್ನ ಅವನಿಗೆ ಮೇಲುಸಿರು ಶುರುವಾಯಿತು. ಸಾಯುವವರು ಬಾಯಾರಿ ಹೋಗಬಾರದು. ಹತ್ತಿಯಲ್ಲಿ ಅದ್ದಿ ಹನಿಹನಿಯಾಗಿ ನೀರು ಬಿಡಬೇಕು. ಮನೆಯವರಿಲ್ಲದಿದ್ದರೆ ಹತ್ತಿರವಿದ್ದವರು ಬಿಡಬೇಕು. ಸೈರಕಾನ್ ತನ್ನ ತಾಯಿಗೆ ಬಿಟ್ಟಿದ್ದಳು.

"ಮಗಳೇ, ನೀರು."

"ಕೊಟ್ಟೆ ಅಜ್ಜ, ಈಗ ಕೊಟ್ಟೆ."

ನೀರು ಕೊಟ್ಟಾಯಿತೆಂದು ಗುರುತು ಒತ್ತಿದಳು. ಬಟ್ಟಲಲ್ಲಿ ಹತ್ತಿ ಅದ್ದುವಷ್ಟರಲ್ಲಿ ಯಂತ್ರ ಗುಯ್ಗುಟ್ಟಿತು. ಹನ್ನೊಂದನೇ ಹಾಸಿಗೆಯ ಹೆಂಗಸಿಗೆ ಇಂಜೆಕ್ಷನ್. ಓಡಿದಳು. ತಿರುಗಿ ಬಂದಾಗ ಅಜ್ಜನ ಬಾಯಿ ತೆರೆದೇ ಇತ್ತು. ನಾಲಿಗೆ ಒಣಗಿತ್ತು. ಬಟ್ಟಲಲ್ಲಿ ಹತ್ತಿ ತೇಲುತ್ತಿತ್ತು.

ಅಂದಿನಿಂದ ಅವಳು ಚಹಾ ಕುಡಿಯದೇ ಕೆಳಗಿಡುತ್ತಿದ್ದಳು. ಬಟ್ಟಲು ತುಟಿಗಿಟ್ಟರೆ "ಮಗಳೇ" ಎನ್ನುವ ದನಿ. ಏಳನೇ ಹಾಸಿಗೆಯಲ್ಲಿ ಯಾರೇ ಮಲಗಲಿ, ಅದೇ ತೆರೆದ ಬಾಯಿ.

ದಾರಿ ತೆರೆದ ಮೇಲೆ ಅಜ್ಜನ ಮಗಳು ಬಂದಳು. ಎರ್ಮೆಕ್ ಸೈರಕಾನಳ ಯಂತ್ರ ತೋರಿಸಿದ. "ನೋಡಿ, ನಾಲ್ಕೂ ಹತ್ತಕ್ಕೆ ಇವಳು ನೀರು ಕೊಟ್ಟಿದಾಳೆ. ಯಂತ್ರ ಸುಳ್ಳು ಹೇಳಲ್ಲ."

ಆಕೆ ಸೈರಕಾನಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಮ್ಮಪ್ಪನ ಬಾಯಿಗೆ ನೀರು ಬಿಟ್ಟ ಕೈ."

ಸೈರಕಾನ್ ಕೈ ಬಿಡಿಸಿಕೊಂಡಳು. "ಇಲ್ಲ ಕಣಮ್ಮ. ಅವರು ಕೇಳಿದ್ರು, ನಾನು ಕೊಡಲಿಲ್ಲ. ಗುರುತು ಒತ್ತಿದ್ದು ನಾನೇ. ಓಡಿಸಿದ್ದು ಈ ಯಂತ್ರ."

"ಬಾಯ್ಮುಚ್ಚು! ಕೆಲಸ ಬೇಕೋ ಬೇಡ್ವೋ?" ಎರ್ಮೆಕ್ ಗದರಿದ.

"ನಾಲ್ಕು ಜನ ಇದ್ದಾಗ ಇಲ್ಲಿ ಯಾರೂ ಒಣಬಾಯಲ್ಲಿ ಹೋಗಿರಲಿಲ್ಲ."

ಕಾಲಿಪಾ ತನ್ನ ಯಂತ್ರ ತಂದು ಮೇಜಿನ ಮೇಲಿಟ್ಟಳು. "ನಾನೂ ಹಂಗೇ ಒತ್ತೋದು. ದಿನಾ. ಬರ್ಕೊಳ್ಳಿ."

ಅಜ್ಜನ ಮಗಳು ಸೈರಕಾನಳ ಯಂತ್ರವನ್ನೂ ತೆಗೆದು ಅದರ ಪಕ್ಕ ಇಟ್ಟಳು. ಆಮೇಲೆ ಎರ್ಮೆಕ್‌ನ ಕಡೆ ತಿರುಗಿದಳು. "ಇದಕ್ಕೆ ಬಾಯಾರಿಕೆ ಆಗುತ್ತೇನಪ್ಪ?"

ಮೇಜಿನ ಮೇಲೆ ಯಂತ್ರಗಳು ಒಟ್ಟಿಗೇ ಗುಯ್ಗುಟ್ಟಿದವು. ಯಾರೂ ಎತ್ತಿಕೊಳ್ಳಲಿಲ್ಲ. ಸೈರಕಾನ್ ಬಟ್ಟಲಿಗೆ ನೀರು ತುಂಬಿಕೊಂಡು ಹೋಗಿ ಏಳನೇ ಹಾಸಿಗೆಯ ಹೊಸ ರೋಗಿಯ ಪಕ್ಕ ಕೂತಳು. ಯಾವ ಗುರುತನ್ನೂ ಒತ್ತಲಿಲ್ಲ.