ಎರಡು ದೀಪ

“ಅಯ್ನೋರೆ, ಹಬ್ಬದಲ್ಲಿ ದೀಪ ಆರಿರ್ಲಿಲ್ಲ ತಾನೇ?”

ಸ್ಪೀಕರಿಗೆ ಹಾಕಿದ್ದ ಫೋನಿನಲ್ಲಿ ಕಿರಣ್‌ಕುಮಾರನ ದನಿ ಬತ್ತಿಹೋಗಿತ್ತು. ತುಮಕೂರಿನ ಹೆಡ್ಡಾಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ಅವನು. ಬೆಳಗಿನಿಂದ ಇದು ಐದನೆಯ ಕರೆ.

“ಎಲ್ಲಿ ಆರ್ತದಪ್ಪಾ? ಎಲ್ಡು ದಿನಾನೂ ನಾನೇ ನಿಂತು ನೋಡ್ಕೊಂಡಿವ್ನಿ,” ಎಂದರು ಕುಣಿಗಲ್ ಬ್ರ್ಯಾಂಚಿನ ಮ್ಯಾನೇಜರ್ ಚನ್ನಬಸವಯ್ಯ.

ಅವರ ಮುಂದೆ ಟೀ ಲೋಟ ಇಡುತ್ತಿದ್ದ ಅಸ್ಫಿಯಾಳ ಕೈ ಹಾಗೇ ನಿಂತಿತು.

ಕಳೆದ ವರ್ಷ ಮೂಲೆಯ ಸ್ಟೂಲಿನ ಮೇಲೆ ಒಂದು ಕಪ್ಪು ಕಂಪ್ಯೂಟರ್ ಪೆಟ್ಟಿಗೆ ಇಟ್ಟು ಹೋದವನೂ ಕಿರಣನೇ. “ತುಮಕೂರಿನ ಮೆಷಿನ್ ಕೆಟ್ರೆ ಕಂಪ್ನಿ ಮೇಲ್‌ಗಳೆಲ್ಲ ಇಲ್ಲಿಗ್ ಬರ್ತವೆ ಕಣಮ್ಮ. ನಿಂಗೆ ಒಂದೇ ಕೆಲ್ಸ. ಈ ಹಸಿರು ದೀಪ ಆರ್ಬಾರ್ದು, ಅಷ್ಟೇ.” ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಗೆ ತಿಳಿಯಲೆಂದು ಅವನು ಅದನ್ನು ದೀಪ ಎಂದಿದ್ದ. ಕಸ ಗುಡಿಸಿ, ಟೀ ಕೊಟ್ಟು, ತೆಂಗಿನನಾರಿನ ಚಾಪೆಗಳಿಗೆ ಚೀಟಿ ಅಂಟಿಸುವ ಅಸ್ಫಿಯಾ ಅಂದಿನಿಂದ ದಿನಾ ಮೊದಲು ಅದನ್ನೇ ಒರೆಸುತ್ತಿದ್ದಳು.

ಮೊನ್ನೆ ಆಯುಧಪೂಜೆಯ ದಿನ ಚನ್ನಬಸವಯ್ಯ, “ಮೆಷಿನ್‌ಗಳ್ಗೂ ಒಂದಿನ ರೆಸ್ಟ್ ಬೇಡ್ವಾ?” ಎನ್ನುತ್ತಾ ತೂಕದ ಯಂತ್ರದಿಂದ ಹಿಡಿದು ಎಲ್ಲದರ ಸ್ವಿಚ್ಚನ್ನೂ ಆರಿಸಿದ್ದರು. ಪೆಟ್ಟಿಗೆಗೂ ಮೂರೆಳೆ ವಿಭೂತಿ, ಕುಂಕುಮ, ಸೇವಂತಿಗೆ. ಎದುರಿಗೆ ಹಿತ್ತಾಳೆಯ ದೀಪ. ಹಸಿರು ಬೆಳಕು ನಂದಿದ್ದನ್ನು ಬಾಗಿಲಲ್ಲಿ ನಿಂತು ಅಸ್ಫಿಯಾ ಕಂಡಿದ್ದಳು. ಅವರ ಪೂಜೆ, ನಾನೇನು ಹೇಳುವುದು ಎಂದುಕೊಂಡು ಕಡ್ಲೆಪುರಿಯ ಪೊಟ್ಟಣ ಹಿಡಿದು ಮನೆಗೆ ಹೋಗಿದ್ದಳು. ಇವತ್ತು ಬೆಳಿಗ್ಗೆಯೂ ಹೂವು ಮುಟ್ಟಲು ಧೈರ್ಯ ಸಾಲದೆ ಸ್ಟೂಲಿನ ಸುತ್ತ ಗುಡಿಸಿದ್ದಳು, ಅಷ್ಟೇ.

“ನಿನ್ನೆಯಿಂದ ಇಲ್ಲಿ ಸರ್ವರ್ ಬಿದ್ದೋಗದೆ, ನಿಮ್ ಪೆಟ್ಗೆಗೂ ಒಂದೂ ಮೇಲ್ ಬಂದಿಲ್ಲ,” ಎಂದ ಕಿರಣ. “ನಿಟ್ಟೂರಲ್ಲಿ ಲಾರಿ ಲೋಡಾಗಿ ನಿಂತದೆ, ಎಲ್ಲಿಗ್ ಕಳಿಸ್ಬೇಕೋ ಪಾರ್ಟಿ ಮೇಲ್ ನೋಡ್ದೆ ಗೊತ್ತಾಗಲ್ಲ. ಆ ಹುಡ್ಗಿ ಗುಡಿಸ್ವಾಗ ವೈರ್ ಕಿತ್ತಿರ್ಬೇಕು. ಯಾರ್ ನೋಡ್ಕೊಳ್ತಿದ್ರೋ ಅವ್ರನ್ನ ಮನೆಗ್ ಕಳ್ಸಿ ಅಂತಾವ್ರೆ ಓನರ್ರು.”

ಚನ್ನಬಸವಯ್ಯ ತಿರುಗಿದರು. “ಏನಮ್ಮಾ, ವೈರ್‌ಗೀರ್ ಎಳ್ದಾ?”

ಅಸ್ಫಿಯಾ ಇಲ್ಲವೆಂದು ತಲೆಯಾಡಿಸಿದಳು. ಮನೆಯಲ್ಲಿ ಅಮ್ಮ ಖುರ್ಷಿದಾ ಬೇಗಂ ಇವಳ ಕೆಲಸ ನಂಬಿಕೊಂಡೇ ಬೀಡಿ ಕಟ್ಟುವುದನ್ನು ಬಿಟ್ಟಿದ್ದಳು.

“ಸಾರ್…” ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಹೇಳಿದಳು. “ಸಾರ್, ನೀವ್ ಹೇಳ್ತಿರೋದು ಎಣ್ಣೆ ದೀಪ. ಅವ್ರು ಕೇಳ್ತಿರೋದು ಹಸಿರು ದೀಪ.”

ಚನ್ನಬಸವಯ್ಯ ಮೂಲೆಯತ್ತ ನೋಡಿದರು. ಹೂವಿನಡಿಯ ಪೆಟ್ಟಿಗೆಯಲ್ಲಿ ಬೆಳಕಿರಲಿಲ್ಲ.

“ನೀ ಅವತ್ತೇ ನೋಡಿದ್ದಾ?”

“ಹೂಂ ಸಾರ್.”

“ಬಾಯಿ ಇರ್ಲಿಲ್ವಾ ನಿಂಗೆ?”

ಚನ್ನಬಸವಯ್ಯ ಸ್ವಿಚ್ಚಿನತ್ತ ಕೈ ತೋರಿಸಿದರು. “ಹಾಕು ಮತ್ತೆ.”

“ಹೂವು, ಸಾರ್?”

“ತೆಗಿ.”

ಬಾಡಿದ ಸೇವಂತಿಗೆಯನ್ನು ಸರಿಸಿ ಸ್ವಿಚ್ಚು ಒತ್ತಿದಳು. ಪೆಟ್ಟಿಗೆ ಗುರುಗುಟ್ಟಿತು. ಬಹಳ ಹೊತ್ತು ಏನೂ ಆಗಲಿಲ್ಲ. ಕೊನೆಗೆ ಹಸಿರು ಹೊತ್ತಿಕೊಂಡಿತು.

“ಬಂದ್ವು!” ಫೋನಿನಲ್ಲಿ ಕಿರಣ ಉಸಿರು ಬಿಟ್ಟ. “ಒಂದೊಂದೇ ಬರ್ತಾ ಅವೆ. ಏನಾಗಿತ್ತು ಅಯ್ನೋರೆ? ಓನರ್ಗೆ ಏನ್ ಹೇಳ್ಲಿ?”

“ದೀಪ ಆರಿತ್ತು ಅನ್ನು.”

“ಆರಿತ್ತಾ, ಆರ್ಸಿದ್ರಾ?”

ಚನ್ನಬಸವಯ್ಯ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅಸ್ಫಿಯಾ ಅವರನ್ನೇ ನೋಡುತ್ತಿದ್ದಳು.

“ಆರ್ಸಿದ್ದೆ ಕಣಪ್ಪ,” ಎಂದರು. “ನಾನೇ.”

ಫೋನು ಕೆಳಗಿಟ್ಟು, ತಣ್ಣಗಾದ ಟೀಯನ್ನೇ ಎತ್ತಿ ಕುಡಿದರು. ಹೂವನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅಸ್ಫಿಯಾ ದುಪಟ್ಟಾದ ತುದಿಯಲ್ಲಿ ಕಟ್ಟಿಕೊಂಡಳು. ಆಮೇಲೆ ಬಟ್ಟೆ ತಂದು ಪೆಟ್ಟಿಗೆಯ ಧೂಳನ್ನು, ವಿಭೂತಿಯ ಎಳೆಗಳಿಗೆ ತಾಗದಂತೆ, ಮೆಲ್ಲಗೆ ಒರೆಸತೊಡಗಿದಳು. ಅವುಗಳ ಕೆಳಗೆ ಹಸಿರು ದೀಪ ಮಿಟುಕುತ್ತಲೇ ಇತ್ತು.