ಏಳು ಅನ್ನದ ಹೊತ್ತು

ಗುರುವಾರ ಮಣ್ಣಿಗೆ ಕೈ ಹಾಕಬಾರದು ಎಂಬುದು ದ್ವೀಪದವರು ನೀಲದ ಕಲ್ಲಿಗಾಗಿ ಗುಂಡಿ ತೋಡುವ ಇಲಾಕಾಕದ ಆ ಬಯಲಿನಲ್ಲಿ ಸಣ್ಣ ಕೂಸಿಗೂ ಗೊತ್ತು. ಗೊತ್ತಿದ್ದೂ ತೂಕಿ ಗುಂಡಿಗೆ ಇಳಿದ. ಹುಡುಗುಬುದ್ಧಿ ಅನ್ನೋಣವೆಂದರೆ ಇಪ್ಪತ್ತು ತುಂಬಿದ ಗಂಡಸು.

“ಅದು ಇಲ್ಲಿಯವರ ಕಟ್ಟಳೆ ಅಕ್ಕಾ. ನಮ್ಮ ಗುಡ್ಡದ ಕಡೆ ಮಂಗಳವಾರ ಮಾತ್ರ ಆಗಲ್ಲ. ಅವರ ಹಿರಿಯರು ಅವರಿಗೆ, ನಮ್ಮ ಹಿರಿಯರು ನಮಗೆ,” ಎಂದು ಹಗ್ಗ ಸೊಂಟಕ್ಕೆ ಬಿಗಿದುಕೊಂಡಿದ್ದ.

“ನಮ್ಮ ಹಿರಿಯರು ಊರಲ್ಲಿ ಗೋರಿಯೊಳಗೆ ಮಲಗಿದ್ದಾರೆ ಕಣೋ. ನೀನು ನಿಂತಿರೋದು ಇವರ ನೆಲದ ಮೇಲೆ,” ಎಂದಳು ಅಕ್ಕ ಬಕುಲಿ.

“ನಿನ್ನೆ ಸಂಜೆ ಜಲ್ಲಿ ಸಿಕ್ಕಿದೆ. ನೀಲದ ಕಲ್ಲು ಇರೋದೇ ಆ ಜಲ್ಲಿಯಲ್ಲಿ. ಇವತ್ತು ಬಿಟ್ರೆ ನಾಳೆ ಇನ್ಯಾರೋ ಬಾಚ್ಕೊಂಡು ಹೋಗ್ತಾರೆ. ಆಮೇಲೆ ನಾವಿಬ್ರೂ ಬಾಯಿ ಬಡ್ಕೊಳ್ಳೋಣ, ಆಗಬಹುದಾ?”

ಆಸೆ ಅವಳಿಗೂ ಇತ್ತು. ಗುಂಡಿಯ ಬಾಯಿಯ ಪಕ್ಕದಲ್ಲಿ ಮೂರು ಕಲ್ಲಿಟ್ಟು ಒಲೆ ಹೂಡಿ, ಕೆಂಪಕ್ಕಿ ತೊಳೆದು ಮಡಕೆಗೆ ಹಾಕಿ, ಗಾಳಿಚೀಲ ಹಿಡಿದು ಕೂತಳು. ಗಾಳಿಚೀಲ ಅಂದರೆ ದೊಡ್ಡದೇನಲ್ಲ. ದಪ್ಪ ಪ್ಲಾಸ್ಟಿಕ್ಕಿನ ಚೀಲ, ಅದರ ಬಾಯಿಗೆ ಕಟ್ಟಿದ ಉದ್ದನೆಯ ಕೊಳವೆ. ಚೀಲ ಹಿಗ್ಗಿಸಿ ಗಾಳಿ ತುಂಬಿ ಒತ್ತಿದರೆ ಗಾಳಿ ಕೊಳವೆಯುದ್ದಕ್ಕೂ ಇಳಿದು ಕೆಳಗಿರುವವನ ಮುಖಕ್ಕೆ ಬಡಿಯುತ್ತದೆ. ಹಿಗ್ಗಿಸು, ಒತ್ತು. ಹಿಗ್ಗಿಸು, ಒತ್ತು. ಆ ಬಯಲಿನ ಹೆಂಗಸರ ರಟ್ಟೆಗೆ ಬೇರೆ ಕೆಲಸವೇ ಇಲ್ಲ.

ಅನ್ನ ಕುದಿ ಬರುವ ಹೊತ್ತಿಗೆ ನೆಲ ಒಮ್ಮೆ ನರಳಿತು. ಗುಂಡಿಯ ಬಾಯಿಂದ ಕೆಂಪು ಧೂಳು ಭುಸ್ಸೆಂದು ಎದ್ದು ಅವಳ ಕಣ್ಣು ಮುಚ್ಚಿತು. ಹಗ್ಗ ಎಳೆದಳು. ಹಗ್ಗ ಬಂಡೆಗೆ ಕಟ್ಟಿದ ಹಾಗೆ ಬಿಗಿದು ನಿಂತಿತ್ತು.

“ತೂಕೀ! ಲೋ ತೂಕೀ!”

ಗುಂಡಿ ಅರ್ಧಕ್ಕೇ ಮುಚ್ಚಿಕೊಂಡಿತ್ತು. ಮೇಲಿಂದ ಕೂಗಿದ್ದು ಮಣ್ಣಿಗೆ ಬಡಿದು ವಾಪಸು ಬಂತು. ಚೀಲ ಬಿಚ್ಚಿ ಕೊಳವೆಯ ತುದಿಗೆ ಕಿವಿಯಿಟ್ಟಳು. ತುಂಬಾ ದೂರದಿಂದ ಬಂತು ದನಿ.

“ಅಕ್ಕಾ… ಕಾಲು… ಕಾಲ ಮೇಲೆ ಬಿದ್ದಿದೆ. ಕತ್ತಲೆ ಅಕ್ಕಾ.”

ಬದುಕಿದ್ದಾನೆ! ಚೀಲ ಮತ್ತೆ ಕಟ್ಟಿ ಒತ್ತತೊಡಗಿದಳು. ಒತ್ತುತ್ತಲೇ ಗಂಟಲು ಹರಿಯುವಂತೆ ಕಿರುಚಿದಳು. ಆದರೆ ಗುರುವಾರ ಎಲ್ಲರಿಗೂ ಸಂತೆ. ಸುತ್ತಲಿನ ಗುಂಡಿಗಳ ಹತ್ತಿರ ನರಪಿಳ್ಳೆ ಇರಲಿಲ್ಲ. ಹಿಂದಿನ ರಾತ್ರಿಯ ರಮ್ಮು ಇಳಿಯದೆ ಗುಡಿಸಲಲ್ಲಿ ಬಿದ್ದಿದ್ದ ಪಕ್ಕದ ಗುಂಡಿಯ ರೆಹವಾನ ಒಬ್ಬನೇ ಎದ್ದುಬಿದ್ದು ಓಡಿಬಂದ. ಅವನು ಆ ನೆಲದವನೇ. ಬಂದವನು ಗುಂಡಿಗೆ ಬಗ್ಗಿ ನೋಡಿದ, ಎರಡು ಹೆಜ್ಜೆ ಹಿಂದೆ ಸರಿದು ಕೈ ಬೆನ್ನಿಗೆ ಕಟ್ಟಿಕೊಂಡ.

“ಇವತ್ತು ಗುರುವಾರ ಅಕ್ಕಾ.”

“ನಿನ್ನ ಗುರುವಾರಕ್ಕೆ ಬೆಂಕಿ ಹಾಕ! ಒಳಗೆ ನನ್ನ ತಮ್ಮ ಇದಾನೆ, ಅಗಿಯೋ!”

“ಮೇಲಿಂದ ಅಗೆದ್ರೆ ಅಷ್ಟೂ ಮಣ್ಣು ಅವನ ತಲೆ ಮೇಲೇ. ನನ್ನ ಗುಂಡಿ ಕಡೆಯಿಂದ ಅಡ್ಡ ಕೊರೀಬೇಕು, ಅದಕ್ಕೆ ನಾಲ್ಕು ಜನ ಬೇಕು. ಇವತ್ತು ಯಾರೂ ಗುದ್ದಲಿ ಮುಟ್ಟಲ್ಲ. ನಾನೂ ಮುಟ್ಟಲ್ಲ. ಒಂದ್ಸಲ ಸಿಟ್ಟಾದ ನೆಲ ಅಕ್ಕಾ, ಇನ್ನೊಂದ್ಸಲ ಕೆಣಕಿದ್ರೆ ಅವನನ್ನ ಪೂರ್ತಿ ನುಂಗುತ್ತೆ. ನೆಲದ ಪೂಜೆ ಮಾಡೋ ಅಜ್ಜ ಬಂದು ಹಿರಿಯರ ಹತ್ರ ಅಪ್ಪಣೆ ಕೇಳಿಕೊಡಬೇಕು.”

“ಹೇಡಿ! ಹೊಟ್ಟೆಗೇನು ತಿಂತೀಯಾ? ನಾಳೆ ಅವನ ಹೆಣ ಎತ್ತೋಕೆ ಬರ್ತೀಯಲ್ಲಾ, ಆಗ ಮಾತ್ರ ಕೈ ಬರುತ್ತಾ?”

“ಬಯ್ಯಿ. ಎಷ್ಟು ಬೇಕೋ ಬಯ್ಯಿ. ಚೀಲ ಮಾತ್ರ ಬಿಡಬೇಡ.” ಅವನು ಆಗಲೇ ಹೊಳೆಯ ಕಡೆ ಓಡುತ್ತಿದ್ದ. “ಅಜ್ಜನ್ನ ಕರ್ಕೊಂಡು ಬರ್ತೀನಿ!”

“ಎಷ್ಟು ಹೊತ್ತೋ?”

“ಮೂರು ಅನ್ನ!” ಎಂದು ತಿರುಗಿ ಕೂಗಿ ಹೋದ.

ಮೂರು ಅನ್ನ! ಒಂದು ಮಡಕೆ ಅಕ್ಕಿ ಬೇಯುವಷ್ಟು ಹೊತ್ತು ಒಂದು ಅನ್ನ. ಗಡಿಯಾರದವರು ಅದನ್ನು ಅರ್ಧ ಗಂಟೆ ಅನ್ನುತ್ತಾರೆ. ಕಾದ ಬಾಣಲೆಯಲ್ಲಿ ಮಿಡತೆ ಹುರಿಯುವಷ್ಟು ಹೊತ್ತು ಒಂದು ಮಿಡತೆ. ಆ ದ್ವೀಪದಲ್ಲಿ ಮುತ್ತಜ್ಜಿಯರ ಕಾಲದಿಂದಲೂ ಹೊತ್ತು ಅಳೆಯುವುದು ಹೀಗೆಯೇ. ಬಕುಲಿಯ ಅಪ್ಪನಂತೂ ಇಡೀ ಲೋಕದ ಚರಿತ್ರೆಯನ್ನೇ ಇದರಲ್ಲಿ ಅಳೆದಿಟ್ಟಿದ್ದರು. ಗುಡ್ಡದೂರಿನ ಶಾಲೆಯ ಮೇಷ್ಟರು ಪಾಪ, ಶಾಲೆಯ ಗಡಿಯಾರ ಕೆಟ್ಟು ಎಷ್ಟೋ ವರ್ಷವಾಗಿತ್ತು. ಲೋಕದಲ್ಲೇ ಚಿಕ್ಕದಾದ ಜಂಜಿಬಾರಿನ ಯುದ್ಧ ಎಷ್ಟು ಹೊತ್ತು ಮಕ್ಕಳೇ? ಒಂದು ಅನ್ನ, ಸೌದೆ ಹಸಿಯಿದ್ದರೆ! ಮನುಷ್ಯ ಮೊದಲ ಸಲ ವಿಮಾನದಲ್ಲಿ ಹಾರಿದ್ದು? ಒಂದು ಮಿಡತೆ! ಎರಡನೇ ಮಹಾಯುದ್ಧ? ಅದಕ್ಕೆ ಬೇರೆ ಅಳತೆ. ಗೋರಿ ತೆರೆದು ಹಿರಿಯರಿಗೆ ಹೊಸ ರೇಷ್ಮೆ ಸುತ್ತುವ ಹಬ್ಬ ಬರುವುದು ಆರೇಳು ವರ್ಷಕ್ಕೊಮ್ಮೆ. ಇಡೀ ಮಹಾಯುದ್ಧ ಅಂಥ ಒಂದು ಹಬ್ಬಕ್ಕೂ ಇನ್ನೊಂದಕ್ಕೂ ನಡುವೆ ಮುಗಿದುಹೋಯಿತು. ಫ್ರೆಂಚರು ನಮ್ಮನ್ನು ಆಳಿದ್ದು? ಒಂಬತ್ತು ಹಬ್ಬ! ಅಷ್ಟೇನಾ, ಅನ್ನುತ್ತಿದ್ದರು ಅಪ್ಪ, ನಮ್ಮ ಮುತ್ತಜ್ಜ ಒಂಬತ್ತು ಸಲ ಬಟ್ಟೆ ಬದಲಾಯಿಸೋದರೊಳಗೆ ಅವರು ಗಂಟುಮೂಟೆ ಕಟ್ಟಿದರು.

ಗೋರಿ ಸೇರಿದ ಅಪ್ಪನಿಗೆ ಇನ್ನೂ ಒಂದು ಸಲವೂ ರೇಷ್ಮೆ ಬದಲಾಗಿರಲಿಲ್ಲ.

ಹಿಗ್ಗಿಸು, ಒತ್ತು. ಇಲ್ಲಿತ್ತು ನೋಡಿ ನಿಜವಾದ ಸಂಕಟ. ತಮ್ಮನ ದನಿ ಕೇಳಬೇಕೆಂದರೆ ಚೀಲ ಬಿಚ್ಚಬೇಕು. ಚೀಲ ಬಿಚ್ಚಿದರೆ ಅವನಿಗೆ ಗಾಳಿಯಿಲ್ಲ. ಮಾತಾಡಿಸದೆ ಬಿಟ್ಟರೆ ಕತ್ತಲಲ್ಲಿ ಕಣ್ಣು ಮುಚ್ಚಿಬಿಡುತ್ತಾನೆ, ಮುಚ್ಚಿದ ಕಣ್ಣು ತೆರೆಯುವುದಿಲ್ಲ. ಒಂದು ಮಿಡತೆಗಿಂತ ಹೆಚ್ಚು ಮಾತು ಬೇಡ ಎಂದುಕೊಂಡು ಚೀಲ ಬಿಚ್ಚಿದಳು.

“ತೂಕೀ, ಆ ದೊಡ್ಡ ಹಡಗು ಮುಳುಗಿದ್ದು ಎಷ್ಟು?”

“ಯಾವ ಹಡಗು?”

“ಮಂಜುಗಡ್ಡೆಗೆ ಡಿಕ್ಕಿ ಹೊಡೀತಲ್ಲೋ, ಟೈಟಾನಿಕ್ಕು!”

“ಐದು ಅನ್ನ… ಚಿಲ್ಲರೆ.”

ಚೀಲ ಕಟ್ಟಿದಳು. ಒತ್ತಿದಳು. ತೋಳು ಸೋತುಹೋಗುವಷ್ಟು ಒತ್ತಿ ಮತ್ತೆ ಬಿಚ್ಚಿದಳು.

“ಚಂದ್ರನ ಮೇಲೆ ಮೊದಲ ಸಲ ಓಡಾಡಿದ್ದು?”

“ಅದೂ ಐದು.” ಕೆಮ್ಮಿದ. “ಅಪ್ಪ ಹೇಳ್ತಿದ್ರು… ಒಬ್ಬರು ಮುಳುಗೋಕೂ ಐದೇ ಅನ್ನ, ಒಬ್ಬರು ಚಂದ್ರನ ಮೇಲೆ ಕುಣಿಯೋಕೂ ಐದೇ ಅನ್ನ. ನನ್ನದು ಯಾವುದಕ್ಕಾ?”

“ಚಂದ್ರ ಕಣೋ, ಚಂದ್ರ! ಅಜ್ಜ ಬರ್ತಿದಾರೆ. ಮೂರೇ ಅನ್ನ.”

ಅಷ್ಟರಲ್ಲಿ ಸೀದ ವಾಸನೆ ಬಂತು. ಒಲೆಯ ಮೇಲಿನ ಅನ್ನ! ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಮಡಕೆ ಹೊಗೆಯಾಡುತ್ತಿತ್ತು. ಚೀಲ ಬಿಟ್ಟು ಏಳುವಂತಿರಲಿಲ್ಲ. ಸೀದರೆ ಸೀಯಲಿ. ಆದರೆ ಆ ಮಡಕೆಯೊಂದೇ ಅವಳಿಗಿದ್ದ ಗಡಿಯಾರ. ಒಂದು ಅನ್ನ ಆಯಿತು, ಅಲ್ಲಿಂದ ಮುಂದೆ ಎಷ್ಟಾಯಿತೆಂದು ತಿಳಿಯಲು ದಾರಿಯಿರಲಿಲ್ಲ. ಬಿಸಿಲು ನೆತ್ತಿಯಿಂದ ಜಾರಿತು. ಹೊಳೆಯ ಕಡೆ ಯಾರೂ ಕಾಣಲಿಲ್ಲ. ರೆಹವಾನ ನಿಜಕ್ಕೂ ಅಜ್ಜನ ಹತ್ತಿರ ಹೋದನೋ, ಹೆಣದ ತಂಟೆ ಬೇಡವೆಂದು ಸಂತೆಗೆ ಜಾರಿಕೊಂಡನೋ? ಅಂಗೈ ಬೊಬ್ಬೆ ಒಡೆದು ಚೀಲ ಅಂಟಂಟಾಗಿತ್ತು.

ಇನ್ನೊಮ್ಮೆ ಕಿವಿಯಿಟ್ಟಾಗ ಅವನೇ ಮೊದಲು ಮಾತಾಡಿದ. ದನಿ ತಣ್ಣಗಿತ್ತು, ಅಳು ಗಿಳು ಏನೂ ಇರಲಿಲ್ಲ. ಅದಕ್ಕೇ ಅವಳಿಗೆ ಭಯವಾದದ್ದು.

“ಅಕ್ಕಾ, ಅಪ್ಪ ಹೋಗಿದ್ದು ಒಂದು ಮಿಡತೆ ಅಲ್ವಾ? ನೀನೇ ಹೇಳಿದ್ದೆ.”

“ಈಗ್ಯಾಕೋ ಅದು?”

“ಒಂದೇ ಮಿಡತೆ ಆದ್ರೆ ಅಷ್ಟೇನೂ ಕಷ್ಟ ಇಲ್ಲ ಬಿಡು. ನಿನ್ನ ಕೈ ನೋಯ್ತಿರುತ್ತೆ. ಚೀಲ ಇಟ್ಟುಬಿಡಕ್ಕಾ. ಹೋಗಿ ನೀರು ಕುಡಿ.”

ಬಕುಲಿ ಚೀಲ ಕಟ್ಟಲೂ ಮರೆತು ಕೂತಳು. ಅಪ್ಪ ತೀರಿಕೊಂಡಾಗ ತೂಕಿ ಪೇಟೆಯ ಶಾಲೆಯಲ್ಲಿದ್ದ. ಬಂದು ಬಾಗಿಲಲ್ಲೇ ಕುಸಿದು, ತುಂಬಾ ಒದ್ದಾಡಿದರಾ ಅಕ್ಕಾ ಎಂದು ಕೇಳಿದ್ದ. ಇಲ್ಲ ಕಣೋ, ಒಂದು ಮಿಡತೆ, ಅಷ್ಟೇ, ಎಂದಿದ್ದಳು ಅವಳು. ಹದಿನಾಲ್ಕರ ಹುಡುಗನಿಗೆ ಇನ್ನೇನು ಹೇಳುವುದು? ಆ ಒಂದು ಮಾತನ್ನು ಹಿಡಿದುಕೊಂಡು ಅವನು ಇವತ್ತು ಕತ್ತಲಿಗೆ ಇಳಿಯಲು ಸಿದ್ಧನಾಗಿದ್ದ.

ಚೀಲ ಕಟ್ಟಿದಳು. ಏದುಸಿರು ಬರುವವರೆಗೆ ಒತ್ತಿದಳು, ಮುಂದಿನ ಮಾತಿಗೆ ಬೇಕಾಗುವಷ್ಟು ಗಾಳಿಯನ್ನು ಮೊದಲೇ ಕಳಿಸುವವಳಂತೆ. ಆಮೇಲೆ ಬಿಚ್ಚಿ ಕೊಳವೆಗೆ ಬಾಯಿಟ್ಟಳು.

“ಸುಳ್ಳು ಹೇಳಿದ್ದೆ ತೂಕಿ. ಏಳು ಅನ್ನ. ಕೇಳಿಸ್ತಾ? ಏಳು! ನಾನು ಪಕ್ಕದಲ್ಲೇ ಕೂತಿದ್ದೆ. ಒಂದೊಂದು ಉಸಿರನ್ನೂ ಜಗಳ ಆಡಿ ಎಳ್ಕೊಂಡ್ರು ಕಣೋ. ತೂಕಿ ಬಂದನಾ, ತೂಕಿ ಬಂದನಾ ಅಂತ ಏಳೂ ಅನ್ನ ಕೇಳ್ತಾನೇ ಇದ್ರು. ನನ್ನ ಕೈ ಬಿಡಲಿಲ್ಲ. ಸಾಯೋದು ಸುಲಭ ಅಲ್ಲ, ಗೊತ್ತಾಯ್ತಾ? ಅಪ್ಪನೇ ಬಿಟ್ಟುಕೊಡಲಿಲ್ಲ, ನೀನ್ಯಾರೋ ಬಿಟ್ಟುಕೊಡೋಕೆ!”

ಕಿವಿಯಿಟ್ಟಳು. ಒಂದು ಬಿಕ್ಕು. ಆಮೇಲೆ ಹಲ್ಲು ಕಚ್ಚಿದ ಸಿಟ್ಟಿನ ದನಿ.

“ಆರು ವರ್ಷ… ಆರು ವರ್ಷ ನನಗೆ ಸುಳ್ಳು ಹೇಳಿದೆ! ನೀನೂ ಒಬ್ಬಳು ಅಕ್ಕನಾ!”

“ಮೇಲೆ ಬಂದು ಬಯ್ಯಿ!” ಎಂದು ಕಿರುಚಿ ಚೀಲ ಕಟ್ಟಿದಳು. ಅಳು ತಡೆಯಲಾಗಲಿಲ್ಲ. ಅಳುತ್ತಲೇ ಒತ್ತಿದಳು.

ಆಮೇಲೆ ಅವಳು ಕಿವಿಯಿಡಲೇ ಇಲ್ಲ. ಸಿಟ್ಟಿರುವವನು ಎಚ್ಚರವಾಗಿರುತ್ತಾನೆ, ಅವನಿಗೆ ಬೇಕಾದದ್ದು ಗಾಳಿ ಎಂದುಕೊಂಡಳು. ಅದು ಅರ್ಧ ನಿಜ. ಇನ್ನರ್ಧ ಎಂದರೆ, ಕಿವಿಯಿಟ್ಟು ಏನೂ ಕೇಳಿಸದಿದ್ದರೆ ತನ್ನ ಕೈ ಅಲ್ಲೇ ನಿಂತುಹೋಗುತ್ತದೆ ಎಂಬ ಭಯ.

ನೆರಳು ಉದ್ದವಾದ ಮೇಲೆ ಅಜ್ಜ ಬಂದ. ರೆಹವಾನ ಮಾತು ತಪ್ಪಿರಲಿಲ್ಲ. ಅಜ್ಜನ ನಡಿಗೆಯೇ ಹೊತ್ತು ತಿಂದಿತ್ತು. ದಾರಿಯಲ್ಲಿ ಸಂತೆಯಿಂದ ಮರಳುತ್ತಿದ್ದ ಐದಾರು ಜನರನ್ನು ರೆಹವಾನ ಅಡ್ಡಗಟ್ಟಿ ಎಳೆದು ತಂದಿದ್ದ. ಎಲ್ಲರೂ ಗುದ್ದಲಿಯಿಂದ ಒಂದು ಮಾರು ದೂರ ನಿಂತರು. ನೆಲದ ಅಪ್ಪಣೆ ಕೇಳುವ ಪೂಜೆ ಬಕುಲಿ ಕಂಡಿದ್ದಳು. ಹಿರಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆದು ಮುಗಿಸಲು ಎರಡು ಅನ್ನವಾದರೂ ಬೇಕು.

“ಅಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ. ಬೀಳೋಕೂ ಚೀಲ ಬಿಡೋ ಹಾಗಿಲ್ಲ ಅಜ್ಜಾ! ಅವನ ಹತ್ರ ಎರಡು ಅನ್ನ ಇಲ್ಲ!”

ಅಜ್ಜ ಅವಳ ಕೈ ನೋಡಿದ. ಚೀಲದ ಮೇಲಿನ ರಕ್ತ ನೋಡಿದ. ಸೊಂಟದ ಸೀಸೆ ತೆಗೆದು ರಮ್ಮನ್ನು ಹಿರಿಯರ ದಿಕ್ಕಾದ ಪೂರ್ವಕ್ಕೆ ಚೆಲ್ಲಿ, ಮನೆಯ ಜಗಲಿಯಲ್ಲಿ ಕೂತವರ ಜೊತೆ ಮಾತಾಡುವವನಂತೆ ಹೇಳಿದ: “ಅಪ್ಪಂದಿರಾ, ನಿಮಗೆಲ್ಲಾ ಗೊತ್ತಿದೆ. ಒಳಗೆ ಹುಡುಗ ಇದಾನೆ. ತಪ್ಪು ಅವನದ್ದೇ. ಸಿಟ್ಟು ಆಮೇಲೆ ಮಾಡ್ಕೊಳ್ಳಿ, ನನ್ನ ಮೇಲೆ ಮಾಡ್ಕೊಳ್ಳಿ.” ತಿರುಗಿ ಗದರಿದ. “ಏನ್ರೋ ಬಾಯಿ ಬಿಟ್ಕೊಂಡು ನಿಂತಿದೀರಾ? ಅಗೀರಿ!”

ಒಂದು ಮಿಡತೆಯೂ ಆಗಿರಲಿಲ್ಲ.

ಮೊದಲು ಗುದ್ದಲಿ ಹಿಡಿದವನು ರೆಹವಾನ. ಪಕ್ಕದ ಗುಂಡಿಯಿಂದ ಗುದ್ದಲಿಯ ಸದ್ದು ನೆಲದೊಳಗೇ ನಡೆದು ಬರುತ್ತಿತ್ತು. ಯಾರೋ ಬಂದು, ಕೊಡು ತಾಯಿ, ನಾನು ಒತ್ತುತ್ತೀನಿ ಎಂದರು. ಅವಳು ಕೊಡಲಿಲ್ಲ. ಕಿವಿಯಿಟ್ಟು ನೋಡು ಎಂದ ಅಜ್ಜ. ಬೇಡ ಎಂದು ತಲೆಯಾಡಿಸಿದಳು. ಹೊತ್ತು ಮುಳುಗಿತು. ಎಷ್ಟು ಅನ್ನ ಆಯಿತೋ ದೇವರೇ ಬಲ್ಲ. ಕೊನೆಗೆ ನೆಲದಡಿಯಿಂದ ಒಂದು ಗದ್ದಲ ಎದ್ದಿತು. ಆ ಗದ್ದಲ ಸಂತೋಷದ್ದೋ ಗೋಳಿನದ್ದೋ ಅವಳಿಗೆ ತಿಳಿಯಲಿಲ್ಲ. ತಿಳಿಯುವವರೆಗೂ ಒತ್ತಿದಳು. ತಮ್ಮನನ್ನು ಪಕ್ಕದ ಗುಂಡಿಯಿಂದ ಎತ್ತಿ ಅವಳ ಮುಂದೆಯೇ ಮಲಗಿಸಿದ ಮೇಲೂ ಅವಳ ಕೈ ಒತ್ತುತ್ತಲೇ ಇತ್ತು. ಅಜ್ಜ ಒಂದೊಂದೇ ಬೆರಳು ಬಿಡಿಸಿದ.

ತೂಕಿಯ ಮುಖದಲ್ಲಿ ಮಣ್ಣು ಬಿಟ್ಟರೆ ಬೇರೆ ಬಣ್ಣವಿರಲಿಲ್ಲ. ಎಡಗಾಲು ಮೊಣಕಾಲಿನ ಕೆಳಗೆ ಕಾಲಿನ ಹಾಗೆ ಇರಲಿಲ್ಲ. ಕಣ್ಣು ತೆರೆದಿತ್ತು. ರೆಹವಾನ ಎತ್ತಿನ ಗಾಡಿ ಹೂಡಲು ಓಡಿದ.

“ಮಾತೇ ಆಡಲಿಲ್ಲ ನೀನು,” ಎಂದ ತೂಕಿ. ಗಂಟಲು ಗೊರಗೊರ ಅನ್ನುತ್ತಿತ್ತು. “ಬಯ್ತಾನೇ ಇದ್ದೆ ನಾನು. ಕೊಳವೆಗೆ ಬಾಯಿಟ್ಟು ಬಯ್ತಾ ಇದ್ದೆ.”

“ಈಗ ಬಯ್ಯಿ.”

“ಏಳು ಅನ್ನ, ನಿಜಾನಾ?”

“ನಿಜ ಕಣೋ.”

“ನಂದು ಎಷ್ಟಾಯ್ತು?”

ಬಕುಲಿ ಒಲೆಯ ಕಡೆ ನೋಡಿದಳು. ಬೆಂಕಿ ಆರಿ ಬೂದಿಯಾಗಿತ್ತು. ಮಡಕೆಯ ತಳದಲ್ಲಿ ಅನ್ನ ಸೀದು ಕರಿಹಲಗೆಯಾಗಿತ್ತು.

“ಒಂದೇ ಅನ್ನ,” ಎಂದಳು. “ಇಳಿಸೋಕೆ ಆಗಲಿಲ್ಲ, ನೋಡು.”

ಆ ಮಡಕೆಗೇ ನೀರು ಹೊಯ್ದು, ಕಿಡಿ ಊದಿ ಕಾಯಿಸಿದಳು. ಊಟವಾದ ಮೇಲೆ ಸೀದ ತಳದ ನೀರು ಕುಡಿಯುವುದು ಅವರಲ್ಲಿ ರೂಢಿ. ಅಂದು ಊಟವಿರಲಿಲ್ಲ, ನೀರೊಂದೇ ಇತ್ತು. ಗಾಡಿಗೆ ಹತ್ತಿಸುವ ಮೊದಲು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಡಿಸಿದಳು. ಬೊಬ್ಬೆ ಒಡೆದ ಅವಳ ಅಂಗೈಗೆ ಲೋಟ ಹಿಡಿಯಲಾಗಲಿಲ್ಲ. ಅವನೇ ತನ್ನ ಕೈ ಎತ್ತಿ ಅವಳ ಕೈಯನ್ನು ಹಿಡಿದುಕೊಂಡ. ನೀರು ಕಹಿಯಿತ್ತು, ಕಪ್ಪಗಿತ್ತು. ಒಂದು ತೊಟ್ಟೂ ಬಿಡದೆ ಕುಡಿದ. ಆಸ್ಪತ್ರೆ ತಲುಪುವವರೆಗೂ ಆ ಕೈ ಬಿಡಲಿಲ್ಲ.